ಮೂಲವನ್ನು ಓದುವ ವಿದ್ಯೆ

ಕಾವ್ಯವನ್ನು ಬಾಯಿಪಾಠವಾಗಿ ಒಪ್ಪಿಸುವವನು ಬೇರೆ, ಪದಚ್ಛೇದ ಮಾಡಿ ಅನ್ವಯಿಸಿ ಅರ್ಥವನ್ನು ಗ್ರಹಿಸುವವನು ಬೇರೆ. ಈ ಭೇದವು ಗಣಕವಿದ್ಯೆಗೂ ಸಲ್ಲತಕ್ಕದ್ದು. ಇಂದು ಗ್ರಾಮಾಂತರದ ಶಾಲೆಗಳಲ್ಲಿಯೂ ಮಕ್ಕಳು ಗಣಕಯಂತ್ರದಲ್ಲಿ ಕನ್ನಡವನ್ನು ಬೆರಳಚ್ಚು ಮಾಡುತ್ತಾರೆ. ಆದರೆ ಒತ್ತಿದ ಕೀಲಿಯು ಪರದೆಯ ಮೇಲೆ ಅಕ್ಷರವಾಗಿ ಮೂಡುವ ಬಗೆಯನ್ನು ಅರಸುವವರು ವಿರಳ.

ಪರದೆಯ ಮೇಲಣ ಗುಂಡಿ, ಪಟ್ಟಿ, ಅಕ್ಷರಸಾಲುಗಳನ್ನು ರೂಪಿಸಿಕೊಡುವ ತಂತ್ರಾಂಶ ಸಾಮಗ್ರಿಗೆ ಟೂಲ್‌ಕಿಟ್ ಎಂದು ಹೆಸರು. ೧೯೯೦ರ ದಶಕದಲ್ಲಿ ಗಿಂಪ್ ಎಂಬ ಚಿತ್ರರಚನೆಯ ತಂತ್ರಾಂಶಕ್ಕಾಗಿ ಹುಟ್ಟಿದ ಜಿಟಿಕೆ ಅವುಗಳಲ್ಲೊಂದು. ಅದರ ಮೂಲಸಂಕೇತವು ಸರ್ವರಿಗೂ ಮುಕ್ತ. ಓದಬಹುದು, ತಿದ್ದಬಹುದು, ಹಂಚಬಹುದು. ಸಂಕೇತವನ್ನು ಬರೆಯಲು, ಕಟ್ಟಲು, ಪರೀಕ್ಷಿಸಲು ಒಂದೆಡೆಯೇ ಅನುಕೂಲವಿರುವ ಗ್ನೋಮ್ ಬಿಲ್ಡರ್‌ನಂತಹ ಐಡಿಇಯಲ್ಲಿ ಅದನ್ನು ತೆರೆದರೆ, ಒಂದು ಹೆಸರಿನಿಂದ ಅದರ ಮೂಲ ವಿವರಣೆಗೆ ಹೋಗಬಹುದು. ಬೇಕಾದ ಸಾಲಿನಲ್ಲಿ ಕಾರ್ಯವನ್ನು ತಡೆದು ನಿಲ್ಲಿಸಿ ಒಳಗಿನ ಸ್ಥಿತಿಯನ್ನು ನೋಡಬಹುದು. ಮೊದಲ ಸಲ ಕಟ್ಟುವಾಗ ಬಹಳ ಹೊತ್ತು ಹಿಡಿಯುವುದುಂಟು. ಲಕ್ಷಾಂತರ ಸಾಲುಗಳನ್ನು ಪೂರ್ತಿ ಓದುವ ಹಂಬಲವೂ ಸಲ್ಲದು.

ಸಾದಲಿಯ ಆಸುಪಾಸಿನ ಮಕ್ಕಳಿಗೆ ಇದರ ಕ್ರಮವು ಅಪರಿಚಿತವೇನಲ್ಲ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯವರು ರೇಷ್ಮೆಗೂಡನ್ನು ಬೇಯಿಸಿ, ಎಳೆಯ ತುದಿ ಸಿಕ್ಕ ಮೇಲೆಯೇ ನೂಲು ತೆಗೆಯುತ್ತಾರೆ. ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಸಿಗುವ ತುದಿಯು ಅರ್ಕಾವೊತ್ತು.

'ಸೂರ್ಯ' ಎಂಬಲ್ಲಿ ಗಣಕವು ರಕಾರ, ಹಲಂತ ಚಿಹ್ನೆ, ಯಕಾರಗಳನ್ನು ಯೂನಿಕೋಡ್‌ನ ೩೨೪೮, ೩೨೭೭, ೩೨೪೭ ಎಂಬ ಸಂಖ್ಯೆಗಳಾಗಿ ಉಚ್ಚಾರಣೆಯ ಕ್ರಮದಲ್ಲಿಯೇ ಇಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಮಾತ್ರ ರೇಫವು ಯಕಾರದ ಬಲಕ್ಕೆ ಸರಿಯುತ್ತದೆ. ಅಕ್ಷರಗಳಿಗಾಗಿ ಜಿಟಿಕೆಯು ಪ್ಯಾಂಗೊವನ್ನೂ, ಪ್ಯಾಂಗೊ ಹಾರ್ಫ್‌ಬಜ್ ಎಂಬುದನ್ನೂ ಆಶ್ರಯಿಸಿವೆ. ಹಾರ್ಫ್‌ಬಜ್‌ನ ಮೂಲದಲ್ಲಿ ಕನ್ನಡದ ಹೆಸರುಳ್ಳ ಒಂದು ಸಾಲು ಹಲಂತದ ಸಂಖ್ಯೆಯನ್ನೂ ರೇಫದ ಸ್ಥಾನವನ್ನೂ ವಿಧಿಸುತ್ತದೆ. ಕೇಶಿರಾಜನ ಸೂತ್ರದಂತೆ ಅದು ಅಲ್ಪಾಕ್ಷರವಾದರೂ ವ್ಯಾಪ್ತಿಯಲ್ಲಿ ದೊಡ್ಡದು. 'ರ‍್ಯಾಂಕ್' ಎಂಬಲ್ಲಿಯಾದರೋ ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಇಡಬೇಕು. ಅದು ಲೋಪವಾದರೆ ಅರ್ಕಾವೊತ್ತು ಬಂದು ರೂಪ ಕೆಡುತ್ತದೆ.

ಅನ್ಯರು ಸಿದ್ಧಪಡಿಸಿದ್ದನ್ನು ಬಳಸಿದರೆ ಸಾಲದೆ ಎಂಬ ಆಕ್ಷೇಪವುಂಟು. ಸಾಲದು. ಸಂಕೇತ ಬರೆಯಬಲ್ಲವನಿಗೆ ಅರ್ಕಾವೊತ್ತಿನ ಮರ್ಮ ತಿಳಿದಿರಬೇಕೆಂದಿಲ್ಲ. ಅದನ್ನು ಬಲ್ಲ ಕನ್ನಡಿಗನು ಸಂಕೇತವನ್ನು ತೆರೆಯದಿದ್ದರೆ, ದೋಷ ಕಂಡಾಗ ದೂರುವುದೊಂದೇ ಅವನಿಗೆ ಉಳಿಯುವ ದಾರಿ. ಮುಕ್ತವೆಂದರೆ ಬಾಗಿಲಿಗೆ ಅಗುಳಿಯಿಲ್ಲವೆಂದಷ್ಟೇ ಅರ್ಥ. ಒಳಹೋಗುವ ಶ್ರಮವು ಓದುಗನದೇ.

ಆದುದರಿಂದ ಶಾಲೆಗಳಲ್ಲಿ ಕನ್ನಡದ ಅಧ್ಯಾಪಕರೂ ಗಣಕದ ಅಧ್ಯಾಪಕರೂ ವಾರಕ್ಕೊಂದು ಅವಧಿ ಒಟ್ಟಿಗೆ ಕುಳಿತು, ಮಕ್ಕಳೊಡನೆ ಒಂದು ಒತ್ತಕ್ಷರದ ಜಾಡನ್ನಾದರೂ ಮೂಲದವರೆಗೆ ಹಿಡಿದು ನೋಡುವುದು ಯುಕ್ತ. ವ್ಯಾಕರಣ ಪಾಠಕ್ಕೆ ಅದಕ್ಕಿಂತ ಜೀವಂತವಾದ ಪ್ರಯೋಗ ದೊರೆಯುವುದು ಕಷ್ಟ.