ಹಾರ್ಮೋನು, ಹೃದಯ ಮತ್ತು ವಯಸ್ಸಿನ ಪ್ರಶ್ನೆ

ಹೃದಯಾಘಾತವೆಂಬುದು ಗಂಡಸರ ಕಾಯಿಲೆ ಎಂಬ ನಂಬಿಕೆ ಇಂದಿಗೂ ಬಲವಾಗಿದ್ದರೂ, ಜಗತ್ತಿನಲ್ಲಿ ಅತಿ ಹೆಚ್ಚು ಮಹಿಳೆಯರ ಸಾವಿಗೆ ಕಾರಣವಾಗುತ್ತಿರುವುದು ಹೃದಯ ಮತ್ತು ರಕ್ತನಾಳಗಳ ರೋಗಗಳೇ. ಮುಟ್ಟು ಇರುವವರೆಗೆ ಮಹಿಳೆಯರಲ್ಲಿ ಈ ರೋಗ ಸಮವಯಸ್ಕ ಪುರುಷರಿಗಿಂತ ವಿರಳ. ಋತುಬಂಧದ ನಂತರ, ಅಂದರೆ ಮುಟ್ಟು ನಿಂತು ಪೂರ್ತಿ 12 ತಿಂಗಳು ಕಳೆದ ಮೇಲೆ, ಈ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೊಜೆನ್ ಹಾರ್ಮೋನಿನ ಉತ್ಪತ್ತಿ ಕುಸಿದಾಗ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ, ರಕ್ತನಾಳದ ಗೋಡೆಗಳು ಬಿಗಿಯಾಗುತ್ತವೆ. ಕಳೆದುಹೋದ ಹಾರ್ಮೋನನ್ನು ಮಾತ್ರೆಯ ರೂಪದಲ್ಲಿ ತುಂಬಿಕೊಟ್ಟರೆ ಹೃದಯವೂ ಉಳಿದೀತು ಎಂಬ ತರ್ಕ ಹುಟ್ಟಿದ್ದು ಇಲ್ಲಿಂದಲೇ.

ಗಬ್ಬದ ಕುದುರೆಗಳ ಮೂತ್ರದಿಂದ ಪಡೆದ ಈಸ್ಟ್ರೊಜೆನ್ ಮಾತ್ರೆಗೆ ಅಮೆರಿಕದಲ್ಲಿ 1942ರಲ್ಲಿ ಅನುಮತಿ ದೊರೆತಾಗ ಅದರ ಉದ್ದೇಶ ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಮುಂತಾದ ಬಾಧೆಗಳ ಶಮನವಷ್ಟೇ ಆಗಿತ್ತು. ಈಸ್ಟ್ರೊಜೆನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ತಿಳಿದುಬಂದ ಮೇಲೆ, ಗರ್ಭಕೋಶ ಉಳಿದಿರುವವರಿಗೆ ಆ ಪದರವನ್ನು ಕಾಯುವ ಪ್ರೊಜೆಸ್ಟಿನ್ ಎಂಬ ಎರಡನೆಯ ಹಾರ್ಮೋನನ್ನು ಜೊತೆಗೆ ಕೊಡುವ ಪದ್ಧತಿ ನೆಲೆಗೊಂಡಿತು. ಇದಾದ ಮೇಲೆ, ಅಮೆರಿಕದ ಲಕ್ಷಕ್ಕೂ ಹೆಚ್ಚು ನರ್ಸುಗಳ ಆರೋಗ್ಯವನ್ನು 1976ರಿಂದ ಗಮನಿಸುತ್ತ ಬಂದ ಅಧ್ಯಯನವು, ಹಾರ್ಮೋನು ಸೇವಿಸುತ್ತಿದ್ದವರಲ್ಲಿ ಹೃದ್ರೋಗ ಹೆಚ್ಚುಕಡಿಮೆ ಅರ್ಧದಷ್ಟಿದೆಯೆಂದು 1991ರಲ್ಲಿ ವರದಿ ಮಾಡಿತು. ಬಾಧೆ ಕಳೆಯಲು ಬಂದ ಮಾತ್ರೆ ಹೀಗೆ ಹೃದಯರಕ್ಷಕವೆಂಬ ಹೆಸರು ಪಡೆಯಿತು.

ಆದರೆ ಹಾರ್ಮೋನು ಸೇವಿಸಿದವರು ಹೆಚ್ಚಾಗಿ ವಿದ್ಯಾವಂತರು, ಅನುಕೂಲಸ್ಥರು ಮತ್ತು ವೈದ್ಯರನ್ನು ತಪ್ಪದೆ ಕಾಣುವವರಾಗಿದ್ದುದರಿಂದ, ಅವರ ಆರೋಗ್ಯಕ್ಕೆ ಮಾತ್ರೆ ಕಾರಣವೋ ಬದುಕಿನ ರೀತಿ ಕಾರಣವೋ ಎಂಬುದನ್ನು ಬರಿಯ ಗಮನಿಕೆಯಿಂದ ಬೇರ್ಪಡಿಸುವುದು ಕಷ್ಟ. ಚೀಟಿ ಎತ್ತಿದಂತೆ ಮಹಿಳೆಯರನ್ನು ಎರಡು ಗುಂಪುಗಳಾಗಿ ಹಂಚಿ, ಒಂದಕ್ಕೆ ಹಾರ್ಮೋನನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಟ್ಟು ನೋಡಿದಾಗ ಮಾತ್ರ ಈ ಗೊಂದಲ ಬಗೆಹರಿಯುತ್ತದೆ. ಮೊದಲೇ ಹೃದ್ರೋಗವಿದ್ದ 2,763 ಮಹಿಳೆಯರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಇಂಥ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಮೊದಲ ವರ್ಷದಲ್ಲಿ ಹೃದಯಾಘಾತಗಳು ಹೆಚ್ಚೇ ಆದವು.

ನಂತರ ಬಂದದ್ದು ‘ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್’ ಎಂಬ ಅಮೆರಿಕದ ಅಧ್ಯಯನ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ಪರೀಕ್ಷಿಸಿದ ಇದರ ಒಂದು ಪ್ರಯೋಗದಲ್ಲಿ 50ರಿಂದ 79 ವರ್ಷದ 16,608 ಮಹಿಳೆಯರಿದ್ದು, ಅದನ್ನು 2002ರ ಜುಲೈಯಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. 10,000 ಮಹಿಳೆಯರು ಒಂದು ವರ್ಷ ಈ ಮಾತ್ರೆ ಸೇವಿಸಿದರೆ ಹೃದ್ರೋಗದ 7, ಪಾರ್ಶ್ವವಾಯುವಿನ 8, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ 8 ಮತ್ತು ಸ್ತನ ಕ್ಯಾನ್ಸರಿನ 8 ಪ್ರಕರಣಗಳು ಹೆಚ್ಚಾಗುತ್ತವೆ, ಸೊಂಟದ ಮೂಳೆ ಮುರಿತದ 5 ಪ್ರಕರಣಗಳು ಕಡಿಮೆಯಾಗುತ್ತವೆ ಎಂಬುದು ಅದರ ಲೆಕ್ಕ. ಸುದ್ದಿ ಹರಡಿದ ರಭಸಕ್ಕೆ ಈ ಸಣ್ಣ ಸಂಖ್ಯೆಗಳೇ ಮರೆಯಾಗಿ ಭಯವೊಂದೇ ಉಳಿಯಿತು. ಲಕ್ಷಾಂತರ ಮಹಿಳೆಯರು ಮಾತ್ರೆ ಬಿಟ್ಟರು.

ಆ ಗದ್ದಲದಲ್ಲಿ ಹಿಂದೆ ಸರಿದ ಅಂಶವೆಂದರೆ ವಯಸ್ಸು. ಭಾಗವಹಿಸಿದವರ ಸರಾಸರಿ ವಯಸ್ಸು 63 ಆಗಿದ್ದು, ಐವತ್ತರ ಹರೆಯದವರು ಮೂರನೆಯ ಒಂದು ಪಾಲು ಮಾತ್ರ ಇದ್ದರು. ಅರವತ್ತು ದಾಟಿದವರ ಹೃದಯವನ್ನು ಹಾರ್ಮೋನು ಕಾಯಬಲ್ಲದೇ ಎಂಬ ಪ್ರಶ್ನೆಗೆ ದೊರೆತ ಉತ್ತರವನ್ನು, ಬಿಸಿಯೇರಿಕೆಯಿಂದ ನಿದ್ದೆಗೆಟ್ಟ ಐವತ್ತರ ಮಹಿಳೆಗೂ ಅನ್ವಯಿಸಿದ್ದು ಆ ಕಾಲದ ದೊಡ್ಡ ತಪ್ಪು. 2007ರಲ್ಲಿ ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿದಾಗ, ಋತುಬಂಧವಾಗಿ ಹತ್ತು ವರ್ಷದೊಳಗಿದ್ದವರಲ್ಲಿ ಹೃದ್ರೋಗ ಹೆಚ್ಚದೆ ಇಪ್ಪತ್ತು ವರ್ಷ ದಾಟಿದವರಲ್ಲಿ ಹೆಚ್ಚಿದುದು ಕಂಡಿತು. ಮೃದುವಾಗಿರುವ ರಕ್ತನಾಳವನ್ನು ಈಸ್ಟ್ರೊಜೆನ್ ಮೃದುವಾಗಿಯೇ ಇಡಬಲ್ಲದು, ಆದರೆ ಕೊಬ್ಬು ಗಟ್ಟಿಗೊಂಡ ನಾಳದಲ್ಲಿ ಅದೇ ಹಾರ್ಮೋನು ಆ ಕೊಬ್ಬಿನ ಪದರ ಒಡೆದು ರಕ್ತ ಹೆಪ್ಪುಗಟ್ಟಲು ದಾರಿ ಮಾಡೀತು ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ. 643 ಮಹಿಳೆಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ‘ಎಲೀಟ್’ ಪ್ರಯೋಗದಲ್ಲಿ, ಬೇಗ ಆರಂಭಿಸಿದವರ ಕತ್ತಿನ ರಕ್ತನಾಳದ ಗೋಡೆ ದಪ್ಪವಾಗುವ ವೇಗ ಇಳಿಯಿತು. ತಡವಾಗಿ ಆರಂಭಿಸಿದವರಲ್ಲಿ ಇಳಿಯಲಿಲ್ಲ.

ಹಾಗೆಂದು ತಕ್ಕಡಿಯನ್ನು ಮತ್ತೊಂದು ಬದಿಗೆ ಪೂರ್ತಿ ವಾಲಿಸುವುದೂ ವಿವೇಕವಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಿಂದ ಈ ಔಷಧಗಳ ಮೇಲಿದ್ದ ಹೃದ್ರೋಗದ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ 2025ರ ನವೆಂಬರಿನಲ್ಲಿ ಪ್ರಕಟಿಸಿತು; ಆದರೆ ಎಚ್ಚರಿಕೆ ಹೋದ ಮಾತ್ರಕ್ಕೆ ಹಾರ್ಮೋನು ಹೃದಯದ ಔಷಧವಾಗುವುದಿಲ್ಲ. ಬಾಯಿಯಿಂದ ಸೇವಿಸಿದ ಈಸ್ಟ್ರೊಜೆನ್ ಮೊದಲು ಯಕೃತ್ತನ್ನು ಹಾದು ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್‌ನಲ್ಲಿ ಈ ಅಪಾಯ ಕಡಿಮೆಯೆಂದು ಗಮನಿಕೆಯ ಅಧ್ಯಯನಗಳು ಸೂಚಿಸುತ್ತವೆ. ಹೃದಯಾಘಾತ, ಪಾರ್ಶ್ವವಾಯು ಅಥವಾ ಸ್ತನ ಕ್ಯಾನ್ಸರ್ ಆದವರಿಗೆ ಈ ಚಿಕಿತ್ಸೆ ಸಾಮಾನ್ಯವಾಗಿ ಸಲ್ಲದು.

ಅಮೆರಿಕದಲ್ಲಿ ಋತುಬಂಧ ಸರಾಸರಿ 51ನೆಯ ವಯಸ್ಸಿಗೆ ಬಂದರೆ, ಭಾರತದಲ್ಲಿ 46–47ಕ್ಕೇ ಬರುತ್ತದೆ. ಅದಕ್ಕೂ ಮುಂಚೆ, ನಲವತ್ತು ತುಂಬುವ ಮೊದಲೇ ಅಂಡಾಶಯಗಳನ್ನು ಕಳೆದುಕೊಂಡ ಮಹಿಳೆಗೆ ಹೃದ್ರೋಗದ ಅಪಾಯ ಇತರರಿಗಿಂತ ಹೆಚ್ಚಿರುವುದರಿಂದ, ಬೇರೆ ಅಡ್ಡಿಯಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಕೊಡುವುದು ತಜ್ಞರ ಸಾಮಾನ್ಯ ಸಲಹೆ. ಉಳಿದವರಿಗೆ ಅದು ಬಾಧೆ ನೀಗುವ ಔಷಧವೇ ಹೊರತು ಹೃದಯಕ್ಕೆ ತೊಡಿಸುವ ಕವಚವಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಪ್ರತಿ ಮಹಿಳೆಯೂ ರಕ್ತದೊತ್ತಡ, ಸಕ್ಕರೆ ಮತ್ತು ಕೊಲೆಸ್ಟರಾಲನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕು, ತನ್ನ ವಯಸ್ಸು ಮತ್ತು ಹಿಂದಿನ ಕಾಯಿಲೆಗಳನ್ನು ವೈದ್ಯರ ಮುಂದಿಟ್ಟು ಹಾರ್ಮೋನು ತನಗೆ ಸಲ್ಲುವುದೇ ಎಂದು ಕೇಳಬೇಕು. ಆ ಪ್ರಶ್ನೆಯನ್ನು ಸಾವಧಾನದಿಂದ ಕೇಳಿಸಿಕೊಂಡು ಉತ್ತರಿಸುವುದು ವೈದ್ಯರ ಕರ್ತವ್ಯ.