ಯೂರಿಯಾ ದರ ಗೊತ್ತುಮಾಡುವವರು ಯಾರು?

ಕೃಷಿ ರಾಜ್ಯಪಟ್ಟಿಯ ವಿಷಯ, ಮಣ್ಣು-ಮಳೆ ಊರಿಗೊಂದು ಬಗೆ; ಆದ್ದರಿಂದ ಸುಸ್ಥಿರ ಬೇಸಾಯಕ್ಕೆ ದೇಶವ್ಯಾಪಿ ನೀತಿ ಬೇಡ, ಹೇರಿದರೆ ಶ್ರೀಲಂಕಾದ ಗತಿಯೇ ಎಂಬುದು ಕಳೆದ ವಾರ ಇಲ್ಲಿ ಪ್ರಕಟವಾದ ಲೇಖನದ ವಾದ. ಮಣ್ಣಿನ ಮಾತು ನಿಜ. ಉಳಿದದ್ದನ್ನು ಒಪ್ಪಲಾರೆ.

ದೇಶವ್ಯಾಪಿ ನೀತಿ ಈಗಾಗಲೇ ಇದೆ, ಅದು ದಾರಿ ತಪ್ಪಿದೆ. ತೆರಿಗೆ, ಬೇವು ಲೇಪನದ ವೆಚ್ಚ ಬಿಟ್ಟು 45 ಕಿಲೋ ಯೂರಿಯಾ ಚೀಲಕ್ಕೆ 242 ರೂಪಾಯಿ ಎಂದು ಗೊತ್ತುಮಾಡಿದ್ದು ಕೇಂದ್ರ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ತಂದಾಗ ಯೂರಿಯಾವನ್ನು ಹೊರಗಿಟ್ಟಿದ್ದೂ ಕೇಂದ್ರವೇ. ರಂಜಕ, ಪೊಟ್ಯಾಷ್ ದುಬಾರಿಯಾದವು. ರೈತ ಅಗ್ಗದ ಸಾರಜನಕವನ್ನೇ ಸುರಿದ. ಪಂಜಾಬಿನ ಅಂತರ್ಜಲ ಬತ್ತಿಸಿದ ಭತ್ತಕ್ಕೆ ಖಾತ್ರಿ ಖರೀದಿ ಕೊಟ್ಟವರು ಯಾರು? ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು. ಗೊಬ್ಬರದಂಗಡಿಯ ದರವೇ ಎದುರು ನಿಂತಾಗ ಅದು ಎಷ್ಟು ದೂರ ನಡೆದೀತು?

ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಷೇಧಿಸಿ, ಅದೇ ವರ್ಷ ಹಿಂದೆಗೆಯಿತು. ಕೆಡಿಸಿದ್ದು ಅವಸರ. ಸಿಕ್ಕಿಂ 2003ರಲ್ಲಿ ಹೊರಟು, ಗೊಬ್ಬರದ ಸಬ್ಸಿಡಿಯನ್ನು ಹಂತಹಂತವಾಗಿ ಇಳಿಸಿ, 2016ರಲ್ಲಿ ಪೂರ್ಣ ಸಾವಯವವೆಂದು ಘೋಷಿತವಾಯಿತು.

ಬೆಳೆ, ಪದ್ಧತಿಯನ್ನು ರಾಜ್ಯಗಳೇ ಆರಿಸಲಿ. ಯೂರಿಯಾಕ್ಕೆ ಹೋಗುವ ಹಣದ ಒಂದು ಪಾಲನ್ನು ಮಣ್ಣು ಉಳಿಸುವ ರೈತನಿಗೂ ರಾಗಿ, ತೊಗರಿಯ ಖರೀದಿಗೂ ತಿರುಗಿಸುವ ಅಧಿಕಾರ ಮಾತ್ರ ಯಾವ ರಾಜ್ಯಕ್ಕೂ ಇಲ್ಲ. ಅದನ್ನು ದೆಹಲಿಯೇ ಮಾಡಬೇಕು.