ಬಾನಿನ ಬಾಗಿಲು

ಹೊಸದುರ್ಗದ ಕಡೆಯ ವಿದ್ಯಾರ್ಥಿಯೊಬ್ಬ ಮೊನ್ನೆ ತರಗತಿ ಮುಗಿದ ಮೇಲೆ ನನ್ನನ್ನು ಕೇಳಿದ: “ಸಾರ್, ನಮ್ಮ ಚಳ್ಳಕೆರೆಯಲ್ಲೇ ವಿಮಾನ ಇಳಿಯುವ ಹಾದಿ ಇದೆಯಲ್ಲ? ದಾಳಿಂಬೆ ಒಯ್ಯಲು ಅಲ್ಲಿಗೇ ಒಂದು ಬಾಡಿಗೆ ವಿಮಾನ ತರಿಸಬಾರದೇಕೆ?” ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆಯಲ್ಲ. ಆದರೂ ಅವನ ತಂದೆಯ ತೋಟ ನೆನಪಾಗಿ, ಉತ್ತರ ಹುಡುಕಲು ಹೊರಟೆ.

ಚಳ್ಳಕೆರೆಯ ಹಾದಿ ೨೦೧೭ರಲ್ಲಿ ಉದ್ಘಾಟನೆಯಾದ ರಕ್ಷಣಾ ಸಂಶೋಧನೆಯ ಪರೀಕ್ಷಾ ನೆಲದ್ದು. ೨೦೨೩ರಲ್ಲಿಯೂ ೨೦೨೪ರಲ್ಲಿಯೂ ಇಸ್ರೋದ ರೆಕ್ಕೆಯುಳ್ಳ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ತಾನಾಗಿಯೇ ಅಲ್ಲಿಗೆ ಬಂದಿಳಿದುದನ್ನು ಹೆಮ್ಮೆಯಿಂದ ಓದಿದ್ದೇವೆ. ಆದರೆ ಅದು ವರ್ತಕರ ನಿಲ್ದಾಣವಲ್ಲ.

ನೆಲದ ಮಾತು ಹಾಗಿರಲಿ, ಬಾನಿಗೂ ಒಡೆಯರುಂಟು. ೧೯೪೪ರಲ್ಲಿ ಶಿಕಾಗೋ ನಗರದಲ್ಲಿ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದದ ಮೊದಲ ವಿಧಿಯೇ, ತನ್ನ ನೆಲದ ಮೇಲಣ ಆಕಾಶಕ್ಕೆ ಆಯಾ ದೇಶವೇ ಸಂಪೂರ್ಣ ಒಡೆಯ ಎನ್ನುತ್ತದೆ. ವೇಳಾಪಟ್ಟಿಗೆ ಒಳಪಡದ ವಿಮಾನಗಳ ಮಾತು ಐದನೆಯ ವಿಧಿಯಲ್ಲಿದೆ. ವ್ಯಾಕರಣ ಕಲಿಸುವವನಾದ ನನಗೆ ಅದರ ರಚನೆ ಸ್ವಾರಸ್ಯವಾಗಿ ಕಂಡಿತು: ಬಾಡಿಗೆಗೆ ಸರಕು ಹೊತ್ತು ಬಂದವನು ಅದನ್ನು ಇಳಿಸಬಹುದು, ಏರಿಸಬಹುದು ಎಂದು ಉದಾರವಾಗಿ ಆರಂಭವಾಗಿ, ಆಯಾ ದೇಶ ತನಗೆ ಯುಕ್ತವೆಂದು ತೋರಿದ ನಿಯಮ, ನಿರ್ಬಂಧಗಳನ್ನು ಹೇರಬಹುದು ಎಂದು ಮುಗಿಯುತ್ತದೆ. ಪೂರ್ವಾರ್ಧ ಕೊಟ್ಟದ್ದನ್ನು ಉತ್ತರಾರ್ಧ ಕೈಯಲ್ಲಿ ಹಿಡಿದುಕೊಂಡೇ ಇದೆ! ನಮ್ಮ ದುರ್ಗದ ಏಳು ಸುತ್ತಿನ ಕೋಟೆಗೆ ಬಾಗಿಲುಗಳಲ್ಲದೆ ಒಂದು ಕಿಂಡಿಯಾದರೂ ಇತ್ತು. ಬಾನಿನ ಕೋಟೆಗೆ ಅದೂ ಇಲ್ಲ.

ಭಾರತ ೧೯೯೦ರ ದಶಕದ ಆರಂಭದಲ್ಲಿ ಸರಕು ವಿಮಾನಗಳಿಗೆ ತನ್ನ ಬಾನನ್ನು ತೆರೆಯಿತು. ೨೦೨೦ರಲ್ಲಿ ವಿದೇಶೀ ಸಂಸ್ಥೆಗಳ ಬಾಡಿಗೆ ಸರಕು ವಿಮಾನಗಳನ್ನು ಬೆಂಗಳೂರು, ಚೆನ್ನೈ, ದೆಹಲಿ, ಕಲ್ಕತ್ತ, ಹೈದರಾಬಾದು, ಮುಂಬಯಿಗಳೆಂಬ ಆರೇ ಬಾಗಿಲುಗಳಿಗೆ ಸೀಮಿತಗೊಳಿಸಿತು. ಸ್ವದೇಶೀ ಸಂಸ್ಥೆಗಳು ಬೆಳೆಯಲಿ ಎಂಬ ಉದ್ದೇಶ ತಪ್ಪೆನ್ನಲಾರೆ. ಆದರೆ ಆ ಆಜ್ಞೆಯಿಂದ ಕರ್ನಾಟಕಕ್ಕೆ ಉಳಿದುದು ಒಂದೇ ಬಾಗಿಲು. ಮಂಗಳೂರಿನ ಹೆಸರೂ ಆ ಪಟ್ಟಿಯಲ್ಲಿರಲಿಲ್ಲ. ಬೆಳೆಯುವವನ ಕೂಗು ಆ ಆಜ್ಞೆ ಬರೆದವರ ಕಿವಿಗೆ ಎಷ್ಟು ತಲುಪಿತ್ತೆಂದು ನನಗೆ ಸಂದೇಹ.

ಚಿತ್ರದುರ್ಗದವರಿಗೆ ಬೆಂಗಳೂರು ಇನ್ನೂರು ಕಿಲೋಮೀಟರು, ದೂರವೇನಲ್ಲ. ನಿಜವಾದ ತೊಡಕು ಬೇರೆ. ಅನುಮತಿಯನ್ನು ಬೇಡುವವನು ರೈತನಲ್ಲ, ವಿಮಾನದ ಒಡೆಯ. ನಾಗರಿಕ ವಿಮಾನಯಾನ ಇಲಾಖೆಯ ಒಪ್ಪಿಗೆ, ನಿಲ್ದಾಣದಲ್ಲಿ ಹೊತ್ತುಗೊತ್ತು, ಸುಂಕದವರ ಸಿದ್ಧತೆ, ಇಷ್ಟನ್ನೂ ಅವನು ಹೊಂದಿಸುವುದು ಹೊರೆ ತುಂಬುವ ಭರವಸೆಯಿದ್ದಾಗ ಮಾತ್ರ. ದೊಡ್ಡ ಬೋಯಿಂಗ್ ೭೪೭ ಸರಕು ವಿಮಾನ ನೂರು ಟನ್ನಿಗೂ ಮೀರಿ ಹೊರುತ್ತದೆ. ಒಂದು ತೋಟದ ಫಸಲು ಅದರ ಮೂಲೆಗೂ ಸಾಲದು. ಹೊಳಲ್ಕೆರೆಯ ಅಡಕೆಗೆ ಅವಸರವಿಲ್ಲ. ಇಡೀ ದಾಳಿಂಬೆಯೂ ತಂಪಿನಲ್ಲಿ ಹಡಗಿನ ಪಯಣ ತಾಳಬಲ್ಲದು. ಬಿಡಿಸಿದ ಕಾಳಿಗೆ ಮಾತ್ರ ಆ ತಾಳ್ಮೆಯಿಲ್ಲ. ಬೆಲೆ ಹೆಚ್ಚಿರುವುದೂ ಅದಕ್ಕೇ.

ಇಷ್ಟನ್ನು ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಹಿರಿಯೂರು, ಹೊಸದುರ್ಗ ಎರಡೂ ಸೇರಿದರೆ ಎಷ್ಟು ಟನ್ನಾದೀತು ಸಾರ್?” ಎಂದು ಕೇಳಿದ. ಲೆಕ್ಕ ಹಾಕಿಕೊಂಡು ಬಾ ಎಂದಿದ್ದೇನೆ.